ಹಂಡೆ, ಡ್ರಮ್ಮು ಮತ್ತು ಹಗಲು ಕಚ್ಚುವ ಸೊಳ್ಳೆ

ಮಲೇರಿಯಾ ಎಂದರೆ ರೊನಾಲ್ಡ್ ರಾಸ್, ರಾಸ್ ಎಂದರೆ ಸಿಕಂದರಾಬಾದು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. 1897ರ ಆಗಸ್ಟ್ 20ರಂದು ಆತ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡದ್ದು ಅಲ್ಲಿಯೇ, ನಿಜ. 1902ರಲ್ಲಿ ನೊಬೆಲ್ ಬಂದದ್ದೂ ಅದಕ್ಕೇ. ಹೈದರಾಬಾದಿನಲ್ಲಿರುವ ನಮ್ಮವರು ಬೇಗಂಪೇಟೆಯ ಆ ಹಳೆಯ ಕಟ್ಟಡವನ್ನು ನೋಡಿರಬಹುದು. ಆದರೆ ಅದಕ್ಕೆ 14 ವರ್ಷ ಮೊದಲು, 1883ರಲ್ಲಿ, ಇದೇ ರಾಸ್ ನಮ್ಮ ಬೆಂಗಳೂರಿನಲ್ಲಿ ಸೇನೆಯ ವೈದ್ಯನಾಗಿದ್ದ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಆಗ ಅವನಿಗೆ ಸೊಳ್ಳೆ ಮತ್ತು ಜ್ವರದ ಸಂಬಂಧ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ. ಬಂಗಲೆಯಲ್ಲಿ ಸೊಳ್ಳೆಕಾಟ ವಿಪರೀತವಾಗಿತ್ತು, ಅಷ್ಟೇ. ನೋಡಿದರೆ ಕಿಟಕಿಯ ಹೊರಗಿಟ್ಟಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ತೊಟ್ಟಿಯನ್ನು ಮಗುಚಿ ಹಾಕಿಸಿದ. ಸೊಳ್ಳೆ ಕಡಿಮೆಯಾಯಿತು. ಅವನಿಗೋ ಖುಷಿ. ಹೋಗಿ ಪಡೆಯ ಅಡ್ಜುಟಂಟನಿಗೆ ಹೇಳಿದ - ಮೆಸ್ಸಿನ ತೋಟದ ತೊಟ್ಟಿಗಳಲ್ಲಿ, ಊಟದ ಮೇಜಿನ ಕಾಲಡಿ ಇಟ್ಟ ಡಬ್ಬಿಗಳಲ್ಲಿ, ಹೂದಾನಿಗಳಲ್ಲಿ ಕೂಡ ಇವೇ ಮರಿಗಳಿವೆ, ಎಲ್ಲ ಚೆಲ್ಲಿಸೋಣ ಎಂದು. ಅಡ್ಜುಟಂಟ್ ಗೇಲಿ ಮಾಡಿದನಂತೆ. ಸೊಳ್ಳೆಯನ್ನು ಸೃಷ್ಟಿಸಿದ್ದರ ಹಿಂದೆ ಏನೋ ಉದ್ದೇಶ ಇರಲೇಬೇಕು, ಪ್ರಕೃತಿಯ ಕ್ರಮ ಕೆಡಿಸಬಾರದು, ಸಹಿಸಿಕೊಳ್ಳುವುದೇ ನಮ್ಮ ಕರ್ತವ್ಯ ಎಂಬುದು ಅವನ ವಾದ. ರಾಸ್ ತನ್ನ ಆತ್ಮಕಥನದಲ್ಲಿ ಇದನ್ನು ಬರೆದುಕೊಂಡಿದ್ದಾನೆ.

ನನಗೆ ಈ ಕಥೆಯಲ್ಲಿ ರಾಸನಿಗಿಂತ ಆ ಅಡ್ಜುಟಂಟನೇ ಹೆಚ್ಚು ಹತ್ತಿರದವನಾಗಿ ಕಾಣುತ್ತಾನೆ. ನಾನು ಓದಿದ್ದು ಬಿ.ಕಾಂ., ಮಾಡುವುದು ಬ್ಯಾಂಕಿನ ಕೆಲಸ. ಚರಿತ್ರೆಯೂ ವೈದ್ಯಕೀಯವೂ ನನ್ನ ವಿಷಯವಲ್ಲ. ಆದರೆ ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಒಂದು ಮಾತು ಚೆನ್ನಾಗಿ ಗೊತ್ತಿರುತ್ತದೆ. ಹೆಡ್ಡಾಫೀಸಿನಿಂದ ಸರ್ಕ್ಯುಲರ್ ಬರುತ್ತದೆ, ಎಲ್ಲರೂ ಓದಿದ್ದೇವೆ ಎಂದು ಸಹಿ ಹಾಕುತ್ತಾರೆ, ಅದು ಫೈಲು ಸೇರುತ್ತದೆ. ಕೆಲಸ ಹಿಂದಿನಂತೆಯೇ ನಡೆಯುತ್ತದೆ. ತಿಳಿದಿರುವುದು ಬೇರೆ, ಮಾಡುವುದು ಬೇರೆ. ಡೆಂಗಿ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಗಿರುವುದೂ ಇದೇ. ಅದು ಹೀಗೇಕಾಯಿತು ಎಂದು ಹುಡುಕುತ್ತಾ ಹೋದಾಗ ಸಿಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಗಳಿಗೆ ಸೊಳ್ಳೆಯ ಬಗ್ಗೆ ಏನು ಗೊತ್ತಿತ್ತು ನೋಡೋಣ. ನಮ್ಮದು ಕುಂದಾಪುರದ ಕಡೆ. ದೀಪ ಹಚ್ಚುವ ಹೊತ್ತಿಗೆ ಅಜ್ಜಿ ಕಿಟಕಿ ಬಾಗಿಲು ಹಾಕಿಸುತ್ತಿದ್ದರು. ಕೆಂಡದ ಮೇಲೆ ಬೇವಿನ ಸೊಪ್ಪೋ ಸಾಂಬ್ರಾಣಿಯೋ ಬೀಳುತ್ತಿತ್ತು. ರಾತ್ರಿ ಸೊಳ್ಳೆಪರದೆ. ಆಮೇಲೆ ಆಮೆ ಚಿತ್ರದ ಪೊಟ್ಟಣದಲ್ಲಿ ಸುರುಳಿ ಬತ್ತಿ ಬಂತು. (ಸುರುಳಿಯಾಕಾರದ ಬತ್ತಿ ಜಪಾನಿನಲ್ಲಿ 1902ರ ಸುಮಾರಿಗೆ ಮಾರಾಟಕ್ಕೆ ಬಂದದ್ದು, ಅದನ್ನು ಮಾಡಿದವನು ಎಯಿಚಿರೊ ಉಯೆಯಾಮ.) 1980ರ ದಶಕದಲ್ಲಿ ವಿದ್ಯುತ್ತಿನ ಮ್ಯಾಟು ಬಂತು, ಅದರ ಹೆಸರು ಗುಡ್ ನೈಟ್! ಹೆಸರು ಕಿವಿಗೆ ಬಿದ್ದರೇ ರಾತ್ರಿ ನೆನಪಾಗುತ್ತದೆ, ಗಮನಿಸಿ. ಇನ್ನೊಂದು, ಸೊಳ್ಳೆ ಹುಟ್ಟುವುದು ಗಟಾರದಲ್ಲಿ, ಕೊಳಚೆಯಲ್ಲಿ ಎಂಬ ನಂಬಿಕೆ. ಒಟ್ಟಿನಲ್ಲಿ ಸೊಳ್ಳೆ ಎಂದರೆ ಕತ್ತಲಾದ ಮೇಲೆ ಹೊರಗಿನಿಂದ ಒಳಗೆ ಬರುವ ಗಲೀಜು ಪ್ರಾಣಿ.

ಈ ತಿಳುವಳಿಕೆ ಸುಳ್ಳಲ್ಲ. ಮಲೇರಿಯಾದ ಅನಾಫಿಲಿಸ್, ಆನೆಕಾಲು ರೋಗದ ಕ್ಯೂಲೆಕ್ಸ್ ಕಚ್ಚುವುದು ರಾತ್ರಿಯಲ್ಲೇ. ಕ್ಯೂಲೆಕ್ಸಿಗಂತೂ ಕೊಳಚೆ ನೀರೇ ಪ್ರೀತಿ. ಆದರೆ ಡೆಂಗಿ ತರುವ ಈಡಿಸ್ ಈಜಿಪ್ಟೈ ಎಂಬ ಸೊಳ್ಳೆಗೆ ಇದರಲ್ಲಿ ಒಂದೂ ಅನ್ವಯಿಸುವುದಿಲ್ಲ. ಅದು ಕಚ್ಚುವುದು ಹಗಲಿನಲ್ಲಿ, ಮುಖ್ಯವಾಗಿ ಬೆಳಿಗ್ಗೆ ಬಿಸಿಲೇರುವ ಮೊದಲು ಮತ್ತು ಸಂಜೆ ಸೂರ್ಯ ಮುಳುಗುವ ಮುಂಚೆ. ಅದಕ್ಕೆ ಬೇಕಾದದ್ದು ನಾವು ಕುಡಿಯಲು ಹಿಡಿದಿಟ್ಟಂಥ ಚೊಕ್ಕ ನೀರು. ವಾಸ ಮಂಚದ ಕೆಳಗೆ, ನೇತುಹಾಕಿದ ಬಟ್ಟೆಗಳ ಹಿಂದೆ. ಹೆಚ್ಚು ದೂರ ಹಾರುವುದೂ ಇಲ್ಲ, ಸಾಮಾನ್ಯವಾಗಿ ಒಂದೆರಡು ನೂರು ಮೀಟರ್, ಅಷ್ಟೇ. ಅಂದರೆ ನಮ್ಮನ್ನು ಕಚ್ಚಿದ್ದು ಬಹುಮಟ್ಟಿಗೆ ನಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿದ್ದೇ. ಅಜ್ಜಿಯ ಕಾಲದ ಬುದ್ಧಿವಂತಿಕೆಯನ್ನು ಇಟ್ಟುಕೊಂಡು ಸಂಜೆ ಬಾಗಿಲು ಹಾಕಿದರೆ ಈ ಸೊಳ್ಳೆಯನ್ನು ಒಳಗೇ ಕೂಡಿ ಹಾಕಿದ ಹಾಗಾಯಿತು.

ಇದರ ಮೂಲ ಆಫ್ರಿಕ. ಅಲ್ಲಿ ಕಾಡಿನಲ್ಲಿ ಮರದ ಪೊಟರೆಯ ನೀರಿನಲ್ಲಿ ಮೊಟ್ಟೆಯಿಡುತ್ತಿದ್ದ ಸೊಳ್ಳೆ. ಮಳೆ ಕಡಿಮೆಯಾದ ಕಡೆ ಜನ ಮಡಕೆಗಳಲ್ಲಿ ನೀರು ಕೂಡಿಡಲು ಶುರುಮಾಡಿದಾಗ ಅದೂ ಮನೆಯೊಳಗೆ ಬಂತು. ಮನುಷ್ಯನ ರಕ್ತದ ರುಚಿ ಹತ್ತಿತು. ಗುಲಾಮರನ್ನು ಸಾಗಿಸುವ ಹಡಗುಗಳ ನೀರಿನ ಪೀಪಾಯಿಗಳಲ್ಲಿ ಕೂತು ಅಮೆರಿಕ ಖಂಡಗಳನ್ನು ತಲುಪಿತು. ಏಷ್ಯಾದ ಬಂದರುಗಳಲ್ಲಿ ಅದು ನೆಲೆಯೂರಿದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಎಂದು ಕೀಟತಜ್ಞರು ಹೇಳುತ್ತಾರೆ. ಒಂದು ರೀತಿಯಲ್ಲಿ ಅದೂ ನಮ್ಮ ಹಾಗೆಯೇ. ಹೊಟ್ಟೆಪಾಡಿಗೆ ಬಂದರು ಪಟ್ಟಣಕ್ಕೆ ಬಂದು, ನಲ್ಲಿ ನೀರು ನೋಡಿ ಅಲ್ಲೇ ಸಂಸಾರ ಹೂಡಿದ್ದು!

ಈ ಸೊಳ್ಳೆಯ ಮೇಲೆ ಮೊದಲು ಅನುಮಾನ ಬಂದದ್ದು ಡೆಂಗಿಯ ವಿಷಯದಲ್ಲಲ್ಲ, ಹಳದಿ ಜ್ವರದ ವಿಷಯದಲ್ಲಿ. 1881ರಲ್ಲಿ ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ ಹಳದಿ ಜ್ವರ ಹರಡುವುದು ಇದರಿಂದಲೇ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1900ರಲ್ಲಿ ವಾಲ್ಟರ್ ರೀಡನ ತಂಡ ಹವಾನಾದಲ್ಲಿ ಅದನ್ನು ಸಿದ್ಧಪಡಿಸಿತು. ಡೆಂಗಿಗೂ ಇದೇ ಕಾರಣ ಎಂದು ಆಸ್ಟ್ರೇಲಿಯಾದ ಬ್ಯಾನ್‌ಕ್ರಾಫ್ಟ್ 1906ರಲ್ಲಿ ತೋರಿಸಿದ. 1901ರಲ್ಲಿ ಗೋರ್ಗಸ್ ಎಂಬ ಅಮೆರಿಕದ ಸೇನಾ ವೈದ್ಯ ಹವಾನಾದಲ್ಲಿ ಮಾಡಿದ ಕೆಲಸ ಕೇಳಿದರೆ ಆಶ್ಚರ್ಯವಾಗುತ್ತದೆ. ಅವನ ಬಳಿ ಔಷಧಿ ಇರಲಿಲ್ಲ, ಡಿಡಿಟಿ ಇನ್ನೂ ಬಂದಿರಲಿಲ್ಲ. ಇನ್‌ಸ್ಪೆಕ್ಟರುಗಳನ್ನು ಮನೆಮನೆಗೆ ಕಳಿಸಿದ. ನೀರಿನ ಪೀಪಾಯಿಗಳಿಗೆ ಮುಚ್ಚಳ ಹಾಕಿಸಿದ, ಬಳಸದ ನೀರಿನ ಮೇಲೆ ಎಣ್ಣೆ ಸುರಿಸಿದ, ಮರಿ ಸಿಕ್ಕ ಮನೆಯವರಿಗೆ ದಂಡ ಹಾಕಿದ. ಅದೇ ವರ್ಷ ಮುಗಿಯುವುದರೊಳಗೆ ಹವಾನಾದಲ್ಲಿ ಹಳದಿ ಜ್ವರ ನಿಂತಿತು. ಅದೂ ಸುಮಾರು ಒಂದೂವರೆ ಶತಮಾನದಿಂದ ಅಲ್ಲಿ ಬೀಡುಬಿಟ್ಟಿದ್ದ ರೋಗ.

ಇನ್ನು ನಮ್ಮ ಮುಂಬಯಿ. ಇಲ್ಲಿಗೆ ವಿಹಾರ್ ಕೆರೆಯ ಕೊಳವೆ ನೀರು ಬಂದದ್ದು 1860ರಲ್ಲಿ. ಅದಕ್ಕೆ ಮೊದಲು ಬಾವಿ ಮತ್ತು ಕೆರೆಗಳೇ ಗತಿ. ನಲ್ಲಿ ಬಂದ ಮೇಲೂ ಬಾವಿಗಳು ಮನೆಯಂಗಳದಲ್ಲಿ ಉಳಿದವು. 20ನೆಯ ಶತಮಾನದ ಆರಂಭದಲ್ಲಿ ಊರಲ್ಲಿ ಮಲೇರಿಯಾ ಏರಿದಾಗ ಡಾಕ್ಟರ್ ಬೆಂಟ್ಲಿ ಎಂಬಾತ ತನಿಖೆ ಮಾಡಿ 1911ರಲ್ಲಿ ವರದಿ ಕೊಟ್ಟ. ತಪ್ಪು ಕೊಳಚೆಯದ್ದಲ್ಲ, ಮನೆಗಳ ಬಾವಿಗಳದ್ದು ಎಂದ. ಅವುಗಳ ತಿಳಿನೀರಿನಲ್ಲಿ ಅನಾಫಿಲಿಸ್ ಸ್ಟೀಫನ್ಸಿ ಎಂಬ ಸೊಳ್ಳೆ ಬೆಳೆಯುತ್ತಿತ್ತು. ಬಾವಿ ಮುಚ್ಚಿ ಎಂದು ಮುನಿಸಿಪಾಲಿಟಿ ಹೇಳತೊಡಗಿದಾಗ ದೊಡ್ಡ ಗಲಾಟೆ. ಪಾರ್ಸಿಗಳು, ಹಿಂದೂಗಳು ಆಕ್ಷೇಪ ಎತ್ತಿದರು. ಪೂಜೆಗೆ ಬಾವಿಯ ನೀರೇ ಆಗಬೇಕು, ಅದರ ಮೇಲೆ ಸೂರ್ಯನ ಬೆಳಕು ಬೀಳಬೇಕು ಎಂಬುದು ಅವರ ಮಾತು. ಕೊನೆಗೆ ಕೆಲವು ಕಡೆ ಜಾಲರಿ ಹಾಕಿದ ಮುಚ್ಚಳ ಇಟ್ಟುಕೊಳ್ಳಲು ಒಪ್ಪಿಗೆಯಾಯಿತು, ಬೆಳಕೂ ಬೀಳಬೇಕು, ಸೊಳ್ಳೆಯೂ ಹೋಗಬಾರದು ಎಂಬ ಲೆಕ್ಕದಲ್ಲಿ. ಚರ್ಚ್‌ಗೇಟ್ ಹತ್ತಿರದ 1725ರ ಭಿಖಾ ಬೆಹರಾಮ್ ಬಾವಿಯನ್ನು ನೀವು ನೋಡಿರಬಹುದು, ಅದು ಹಾಗೆ ಉಳಿದುಕೊಂಡವುಗಳಲ್ಲಿ ಒಂದು.

ಆ ಜನರನ್ನು ಮೂಢರು ಎಂದು ನಗುವುದು ಸುಲಭ. ಅವರು ತಮ್ಮ ಮನೆಯ ನೀರನ್ನು ಶುದ್ಧ ಎಂದು ನಂಬಿದ್ದರು, ಅದು ಶುದ್ಧವೇ ಆಗಿತ್ತು. ಶುದ್ಧ ನೀರಿನಿಂದ ರೋಗ ಬರುತ್ತದೆ ಎಂದು ಯಾರಾದರೂ ಹೇಗೆ ನಂಬಿಯಾರು? ನೂರು ವರ್ಷ ಕಳೆದ ಮೇಲೂ ನಮ್ಮ ಕಟ್ಟಡದಲ್ಲಿ ಮುನಿಸಿಪಾಲಿಟಿಯವನು ಡ್ರಮ್ಮಿನಲ್ಲಿ ಟಾರ್ಚು ಬಿಟ್ಟು ನೋಡುವಾಗ ನೆರೆಮನೆಯ ಕಾಕು ರೇಗಿದ್ದು ಹೀಗೆಯೇ: "ಅರೇ ಭಾವೂ, ಹೇ ಸ್ವಚ್ಛ ಪಾಣಿ ಆಹೇ!" ಸ್ವಚ್ಛ ನೀರಪ್ಪಾ ಇದು! ಅವನು ನಕ್ಕು, ಅದಕ್ಕೇ ನೋಡುತ್ತಿದ್ದೇನೆ ಎಂದ.

ಸ್ವಾತಂತ್ರ್ಯ ಬಂದ ಮೇಲೆ ಡಿಡಿಟಿಯ ಯುಗ. ಆಗ ದೇಶದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂದು ಅಂದಾಜು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು, 1958ರಲ್ಲಿ ಅದು ನಿರ್ಮೂಲನ ಕಾರ್ಯಕ್ರಮವಾಯಿತು. 1960ರ ದಶಕದ ಮೊದಲ ಭಾಗದಲ್ಲಿ ರೋಗಿಗಳ ಸಂಖ್ಯೆ ಲಕ್ಷದ ಆಸುಪಾಸಿಗೆ ಇಳಿದಿತ್ತು. ದೊಡ್ಡ ಸಾಧನೆಯೇ. (1976ರ ಹೊತ್ತಿಗೆ ಮತ್ತೆ 64 ಲಕ್ಷ ದಾಟಿತು, ಅದು ಬೇರೆ ಕಥೆ.) ನಾನು ಚಿಕ್ಕವನಿದ್ದಾಗ ನಮ್ಮೂರಿಗೂ ಪಂಪು ಹಿಡಿದು ಬರುತ್ತಿದ್ದರು. ಅಮ್ಮ ಅಡುಗೆ ಸಾಮಾನೆಲ್ಲ ಅಂಗಳಕ್ಕೆ ತರುತ್ತಿದ್ದಳು. ಅವರು ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಕು ಬರೆದು ಹೋಗುತ್ತಿದ್ದರು. ಇದರಿಂದ ಮಲೇರಿಯಾವೇನೋ ಕಡಿಮೆಯಾಯಿತು. ಆದರೆ ಜೊತೆಗೆ ಒಂದು ಮನೋಭಾವವೂ ಬೆಳೆಯಿತು ಎಂದು ನನ್ನ ಅಭಿಪ್ರಾಯ. ಸೊಳ್ಳೆ ಸರಕಾರದ ಬಾಬತ್ತು. ಅವರು ಬರುತ್ತಾರೆ, ಹೊಡೆಯುತ್ತಾರೆ. ಬರದಿದ್ದರೆ ಬೈಯುವುದು ನಮ್ಮ ಕೆಲಸ. ಇವತ್ತಿಗೂ ರಸ್ತೆಯಲ್ಲಿ ಹೊಗೆ ಬಿಡುವ ಗಾಡಿ ಹೋದರೆ ಕೆಲಸ ಆಯಿತು ಎಂದು ಸಮಾಧಾನಪಡುತ್ತೇವೆ. ಹೊಗೆ ರಸ್ತೆಯಲ್ಲಿರುತ್ತದೆ, ಸೊಳ್ಳೆ ಮಂಚದಡಿ ಇರುತ್ತದೆ.

ಈಗ ಹಂಡೆಯ ವಿಷಯಕ್ಕೆ ಬರುತ್ತೇನೆ. ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒದ್ದೆ ಗೋಡೆಗೆ. ಮೊಟ್ಟೆ ಅಲ್ಲಿ ಅಂಟಿಕೊಂಡಿರುತ್ತದೆ. ನೀರು ಚೆಲ್ಲಿದರೂ ಹೋಗುವುದಿಲ್ಲ. ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ಮತ್ತೆ ನೀರು ತುಂಬಿದಾಗ ಒಡೆಯುತ್ತದೆ. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು ಎಂಟು ಹತ್ತು ದಿನ. ಆದ್ದರಿಂದ ಇದಕ್ಕೆ ಮದ್ದು ಎಂದರೆ ವಾರಕ್ಕೊಮ್ಮೆ ಪಾತ್ರೆ ಖಾಲಿ ಮಾಡಿ ಗೋಡೆಯನ್ನು ತಿಕ್ಕಿ ತೊಳೆಯುವುದು.

ನಮ್ಮ ಹಳೆಯ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ, ಆದರೆ ಮಾಡುತ್ತಿದ್ದರು. ಬಾವಿಯಿಂದ ದಿನಾ ನೀರು ಸೇದುತ್ತಿದ್ದರಿಂದ ಕೊಡಪಾನದಲ್ಲಿ ನಿನ್ನೆಯ ನೀರು ಉಳಿಯುತ್ತಿರಲಿಲ್ಲ. ಬಚ್ಚಲಿನ ಹಂಡೆಗೆ ದಿನಾ ಬೆಂಕಿ. ತಾಮ್ರದ ಪಾತ್ರೆ ಕಿಲುಬು ಹಿಡಿಯುತ್ತದೆ, ಅದಕ್ಕೆ ಹುಣಸೆಹಣ್ಣು ಹಾಕಿ ತಿಕ್ಕಲೇಬೇಕು. ಹಬ್ಬದ ಮುನ್ನಾದಿನ, ಶುಕ್ರವಾರ ಎಂದೆಲ್ಲ ನೆಪ. ಮಡಿಗಾಗಿಯೋ ಹೊಳಪಿಗಾಗಿಯೋ ತಿಕ್ಕಿದ್ದರೂ ಮೊಟ್ಟೆಗಳು ಹೋಗುತ್ತಿದ್ದುದಂತೂ ಹೌದು. ಹಾಗೆಂದು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅಂಗಳದ ಗೆರಟೆ, ತೋಟದ ಅಡಿಕೆ ಹಾಳೆ, ದನದ ಕಲ್ಲಿನ ಮರಿಗೆ ಇವುಗಳಲ್ಲಿ ಸೊಳ್ಳೆ ಆಗಲೂ ಇತ್ತು. ಪಾತ್ರೆಯ ಮಾತಷ್ಟೇ ನಾನು ಹೇಳುತ್ತಿರುವುದು.

ನಗರಕ್ಕೆ ಬಂದ ಮೇಲೆ ಎರಡು ಬದಲಾವಣೆಯಾಯಿತು. ಒಂದು, ನೀರು ದಿನಕ್ಕೆ ಕೆಲವೇ ತಾಸು ಬರತೊಡಗಿತು, ಅದೂ ಬೆಳಗಿನ ಜಾವ ನಾಲ್ಕಕ್ಕೋ ಐದಕ್ಕೋ. ಚಾಳಿನಲ್ಲಿ ಇದ್ದವರಿಗೆ ಗೊತ್ತು, ಮೋರಿಯ ಮೂಲೆಯಲ್ಲಿ ಡ್ರಮ್ಮು ಇಲ್ಲದೆ ಸಂಸಾರವೇ ಇಲ್ಲ. ನಾಳೆ ನೀರು ಬಾರದಿದ್ದರೆ ಎಂಬ ಹೆದರಿಕೆಯಿಂದ ಡ್ರಮ್ಮಿನ ತಳದ ನೀರನ್ನು ಯಾರೂ ಚೆಲ್ಲುವುದಿಲ್ಲ, ಅದರ ಮೇಲೇ ಹೊಸ ನೀರು ತುಂಬುತ್ತಾರೆ. ಎರಡು, ತಾಮ್ರ ಹೋಗಿ ಪ್ಲಾಸ್ಟಿಕ್ ಬಂತು. ಪ್ಲಾಸ್ಟಿಕ್ಕಿಗೆ ಕಿಲುಬು ಹಿಡಿಯುವುದಿಲ್ಲ. ಕಣ್ಣಿಗೆ ಕೊಳೆ ಕಾಣದ ಮೇಲೆ ತಿಕ್ಕುವುದು ಯಾಕೆ? ಹೀಗೆ ಅರಿವಿಲ್ಲದೆ ಬಂದಿದ್ದ ಒಳ್ಳೆಯ ಅಭ್ಯಾಸ ಅರಿವಿಲ್ಲದೆಯೇ ಹೋಯಿತು. ಆದ್ದರಿಂದ ಡೆಂಗಿ ಬಂದಾಗಲೆಲ್ಲ ಮನೆಯ ಹೆಂಗಸರಿಗೆ ತಿಳುವಳಿಕೆ ಇಲ್ಲ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಇಪ್ಪತ್ನಾಲ್ಕು ತಾಸು ನೀರು ಕೊಟ್ಟು ನೋಡಿ, ಡ್ರಮ್ಮು ತಾನಾಗಿ ಹೋಗುತ್ತದೆ.

ಉಳಿದದ್ದು ನಮ್ಮ ಕಾಲದ ಚರಿತ್ರೆ, ನಿಮಗೂ ಗೊತ್ತಿರುವುದೇ. 1963ರಲ್ಲಿ ಕಲ್ಕತ್ತಾದಲ್ಲಿ ರಕ್ತಸ್ರಾವದ ಡೆಂಗಿ ದೊಡ್ಡದಾಗಿ ಕಾಣಿಸಿಕೊಂಡಿತು. 1996ರಲ್ಲಿ ದೆಹಲಿಯ ಸರದಿ, 10,252 ರೋಗಿಗಳು, 423 ಸಾವು. ಅಲ್ಲಿ ನಮ್ಮ ಡ್ರಮ್ಮಿನ ಜೊತೆಗೆ ಏರ್ ಕೂಲರಿನ ತೊಟ್ಟಿಯೂ ಸೇರಿತ್ತು. 2006ರಲ್ಲಿ ಇದೇ ಸೊಳ್ಳೆ ಹರಡಿದ ಚಿಕೂನ್‌ಗುನ್ಯಾ ದೇಶದಲ್ಲಿ ಸುಮಾರು 13.9 ಲಕ್ಷ ಜನರನ್ನು ಹಿಡಿಯಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಕರ್ನಾಟಕದವರೇ. ಆಗ ಊರಿಗೆ ಫೋನು ಮಾಡಿದರೆ ಕೋಳಿ ತಿನ್ನುವುದು ಬಿಟ್ಟಿದ್ದೇವೆ ಎನ್ನುತ್ತಿದ್ದರು, ಚಿಕನ್ ಗುನ್ಯಾ ಎಂಬ ಹೆಸರು ಕೇಳಿ! ನಗು ಬಂದರೂ ಯೋಚಿಸಿ, ಕೋಳಿ ಬಿಡಲು ಒಂದು ದಿನ ಸಾಕಾಯಿತು, ತೊಟ್ಟಿ ತೊಳೆಯಲು ಮಾತ್ರ ಯಾರೂ ತಯಾರಿಲ್ಲ. 2012ರ ಅಕ್ಟೋಬರ್ 21ರಂದು ಯಶ್ ಚೋಪ್ರಾ ಇದೇ ಮುಂಬಯಿಯಲ್ಲಿ ಡೆಂಗಿಯಿಂದ ತೀರಿಕೊಂಡಾಗ ಮಾತ್ರ ಬಂಗಲೆಗಳವರೂ ಬೆಚ್ಚಿದರು. ಅದುವರೆಗೆ ಅದು ಝೋಪಡಪಟ್ಟಿಯ ರೋಗ ಎಂದೇ ಬಹಳ ಜನರ ಎಣಿಕೆ.

ಆ ಎಣಿಕೆ ಸುಲಭವಾಗಿ ಹೋಗುವಂಥದ್ದಲ್ಲ. 2016ರ ಸೆಪ್ಟೆಂಬರಿನಲ್ಲಿ ನಮ್ಮ ಕಟ್ಟಡದ ರಾತ್ರಿಪಾಳಿಯ ವಾಚ್‌ಮನ್ ತೀರಿಕೊಂಡ. ಉತ್ತರ ಪ್ರದೇಶದ ಹುಡುಗ, ಇಪ್ಪತ್ನಾಲ್ಕು ವರ್ಷ. ಮೂರು ದಿನ ಜ್ವರದ ಗುಳಿಗೆ ನುಂಗಿ ಡ್ಯೂಟಿ ಮಾಡಿದ. ಜ್ವರ ಇಳಿಯಿತು, ವಾಸಿಯಾಯಿತು ಎಂದುಕೊಂಡ. ಡೆಂಗಿಯಲ್ಲಿ ಅಪಾಯ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಹೊಟ್ಟೆನೋವು, ವಾಂತಿ ಎಂದು ಆಸ್ಪತ್ರೆಗೆ ಒಯ್ಯುವಾಗ ತಡವಾಗಿತ್ತು, ಆರನೆಯ ದಿನ ಹೋದ. ಹಿಂದಿನ ಝೋಪಡಪಟ್ಟಿಯಿಂದ ಬಂದ ಸೊಳ್ಳೆ ಎಂದು ಸೊಸೈಟಿಯ ಸಭೆಯಲ್ಲಿ ಎಲ್ಲರೂ ಒಮ್ಮತದಿಂದ ತೀರ್ಮಾನಿಸಿದರು. ಮುನಿಸಿಪಾಲಿಟಿಯವರು ಬಂದು ಹುಡುಕಿದಾಗ ಝೋಪಡಪಟ್ಟಿಯಲ್ಲಿ ಎರಡು ಡ್ರಮ್ಮುಗಳಲ್ಲಿ ಮರಿ ಸಿಕ್ಕಿತು. ನಮ್ಮ ಕಟ್ಟಡದಲ್ಲಿ ಐದು ಕಡೆ! ಮೂರು ಮನೆಗಳ ಅಲಂಕಾರದ ಬಿದಿರು ಗಿಡದ ಗಾಜಿನ ಪಾತ್ರೆ, ಒಂದು ಕುಂಡದ ತಟ್ಟೆ, ಮತ್ತು ಪಂಪಿನ ಕೋಣೆಯಲ್ಲಿದ್ದ ನೆಲದ ಟ್ಯಾಂಕು. ಅದರ ಮುಚ್ಚಳ ಒಡೆದು ಮಳೆಗಾಲವೆಲ್ಲ ಹಾಗೇ ಇತ್ತು. ಆ ಹುಡುಗ ರಾತ್ರಿಯೆಲ್ಲ ಎದ್ದಿದ್ದು ಹಗಲು ಮಲಗುತ್ತಿದ್ದುದು ಅದೇ ಪಂಪಿನ ಕೋಣೆಯಲ್ಲಿ. ಹಗಲು ಕಚ್ಚುವ ಸೊಳ್ಳೆ, ಹಗಲು ಮಲಗುವ ಮನುಷ್ಯ. ಅವನಿಗೆ ನೀರು ಕೂಡಿಡಲು ಸ್ವಂತದ್ದೊಂದು ಬಕೆಟ್ಟೂ ಇರಲಿಲ್ಲ.

ನಮ್ಮ ಮನೆಯಲ್ಲಿ ಏನೂ ಸಿಗಲಿಲ್ಲ. ಅದರ ಪುಣ್ಯವೆಲ್ಲ ನನ್ನಾಕೆಯದು. ಶಿರಸಿಯವಳು, ಪ್ಲಾಸ್ಟಿಕ್ ಬಕೆಟ್ಟನ್ನೂ ತಾಮ್ರದ ಹಂಡೆ ಎಂದುಕೊಂಡು ತಿಕ್ಕುವವಳು.

ಬರೀ ಹೆದರಿಕೆಯಿಂದ ಅಭ್ಯಾಸ ಹುಟ್ಟುವುದಿಲ್ಲ ಎಂಬುದಕ್ಕೆ ಅಮೆರಿಕ ಖಂಡಗಳ ಕಥೆ ಕೇಳಿ. 1947ರಿಂದ ಅಲ್ಲಿ ದೇಶದೇಶಗಳು ಸೇರಿ ಈ ಸೊಳ್ಳೆಯನ್ನೇ ನಿರ್ಮೂಲ ಮಾಡಲು ಹೊರಟವು. ಇನ್‌ಸ್ಪೆಕ್ಟರು ಮನೆಮನೆಗೆ ಹೋಗಿ ನೀರಿನ ಪಾತ್ರೆ ನೋಡುವುದು, ಅವನ ಮೇಲೆ ಇನ್ನೊಬ್ಬ ಇನ್‌ಸ್ಪೆಕ್ಟರು, ನಮ್ಮ ಬ್ಯಾಂಕಿನ ಆಡಿಟ್ ಇದ್ದ ಹಾಗೆ. 1958ರಲ್ಲಿ ಬ್ರೆಜಿಲ್ ಸೊಳ್ಳೆಮುಕ್ತ ಎಂದು ಘೋಷಣೆಯಾಯಿತು. 1962ರ ಹೊತ್ತಿಗೆ 18 ದೇಶಗಳು. ಸೊಳ್ಳೆ ಹೋಯಿತಲ್ಲ ಎಂದು ಖರ್ಚು ಕಡಿತ ಮಾಡಿದರು, ಆಡಿಟ್ ನಿಂತಿತು. ಇಪ್ಪತ್ತು ವರ್ಷದೊಳಗೆ ಸೊಳ್ಳೆ ಬಹುತೇಕ ಎಲ್ಲ ಕಡೆ ವಾಪಸು ಬಂತು, ಹಿಂದೆಯೇ ಡೆಂಗಿ.

ನಮ್ಮಲ್ಲೂ ದಂಡ ಬಂದಿದೆ. 2024ರಲ್ಲಿ ಕರ್ನಾಟಕ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತುಮಾಡಿತು. ಮುಂಬಯಿಯಲ್ಲಂತೂ ಟ್ಯಾಂಕಿಗೆ ಭದ್ರ ಮುಚ್ಚಳ, ಮೇಲೆ ಹತ್ತಿ ನೋಡಲು ಏಣಿ ಬೇಕೆಂಬ ನಿಯಮ ಹಳೆಯದು. ದಂಡ ಬೇಡ ಎನ್ನುವವನಲ್ಲ ನಾನು. ಆದರೆ ಇನ್‌ಸ್ಪೆಕ್ಟರು ವರ್ಷಕ್ಕೆ ಎರಡು ಸಲ ಬಂದಾನು, ಸೊಳ್ಳೆಗೆ ಬೇಕಾದದ್ದು ಎಂಟು ದಿನ. ನಡುವಿನ ಲೆಕ್ಕ ಮನೆಯವರೇ ಇಡಬೇಕು. 2019ರಲ್ಲಿ ದೆಹಲಿಯಲ್ಲಿ ಹತ್ತು ವಾರ, ಪ್ರತಿ ಭಾನುವಾರ ಹತ್ತು ಗಂಟೆಗೆ ಹತ್ತು ನಿಮಿಷ ಎಂದು ಒಂದು ಅಭಿಯಾನ ನಡೆಸಿದರು. ನನಗೆ ಹಿಡಿಸಿದ್ದು ಅದರ ಘೋಷಣೆಯಲ್ಲ, ವಾರ ಮತ್ತು ಹೊತ್ತು ಗೊತ್ತುಮಾಡಿದ್ದು. ಬಿಡುವಾದಾಗ ಮಾಡುತ್ತೇನೆ ಎಂದ ಕೆಲಸ ಯಾವತ್ತೂ ಆಗುವುದಿಲ್ಲ. ದಿನದ ಕೊನೆಗೆ ಕ್ಯಾಶು ತಾಳೆ ಮಾಡದೆ ಮನೆಗೆ ಹೋಗಬಾರದು ಎಂಬ ಕಟ್ಟಳೆ ಇರುವುದರಿಂದಲೇ ಬ್ಯಾಂಕು ನಡೆಯುತ್ತಿದೆ, ನಾವೆಲ್ಲ ಮಹಾ ಪ್ರಾಮಾಣಿಕರು ಎಂದಲ್ಲ!

ಈಗ ಸೊಸೈಟಿಯ ಖಜಾಂಚಿ ನಾನೇ. ಮುಚ್ಚಳದ ಖರ್ಚಿಗೆ ಬಜೆಟ್ಟಿನಲ್ಲಿ ಬೇರೆಯೇ ಬಾಬತ್ತು ತೆಗೆದಿದ್ದೇವೆ. ವಾಚ್‌ಮನ್ನರಿಗೆ ಮಲಗಲು ಜಾಲರಿ ಕಿಟಕಿಯ ಕೋಣೆ ಆಗಿದೆ, ಹಗಲೂ ಸೊಳ್ಳೆಪರದೆ ಕಟ್ಟಿಕೊಳ್ಳುತ್ತಾರೆ. ಜೂನಿನಿಂದ ನವೆಂಬರಿನವರೆಗೆ ಭಾನುವಾರ ಬೆಳಿಗ್ಗೆ ಒಬ್ಬರು ಗಚ್ಚಿಗೆ, ಒಬ್ಬರು ಪಂಪಿನ ಕೋಣೆಗೆ ಹೋಗಿ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತೇವೆ. ಸಹಿಯೊಂದೇ ಸಾಲದು ಎಂದು ಟ್ಯಾಂಕಿನೊಳಗಿನ ಫೋಟೋ ಕೂಡ ಗ್ರೂಪಿಗೆ ಹಾಕಬೇಕು ಎಂದು ಕಾಕುವೇ ನಿಯಮ ಮಾಡಿದ್ದಾರೆ. ಮನೆಯೊಳಗೆ ನೋಡಬೇಕಾದ್ದು ಫ್ರಿಜ್ಜಿನ ಹಿಂದಿನ ತಟ್ಟೆ, ಎಸಿ ನೀರು ಬೀಳುವ ಡಬ್ಬಿ, ತುಳಸಿ ಕುಂಡದ ತಟ್ಟೆ, ಮನಿಪ್ಲಾಂಟಿನ ಬಾಟಲಿ, ಇರುವೆ ಹತ್ತದಿರಲಿ ಎಂದು ಕಪಾಟಿನ ಕಾಲಿಗಿಟ್ಟ ಬಟ್ಟಲು, ಮಳೆಗೆ ಕಟ್ಟಿದ ತಾಡಪತ್ರಿಯ ಮಡಿಕೆ. ಊರಿನ ಮನೆಗೆ ಬೀಗ ಹಾಕಿ ಬಂದಿದ್ದರೆ ಅಲ್ಲಿನ ಕಮೋಡು ಮತ್ತು ಗಚ್ಚಿನ ಟ್ಯಾಂಕನ್ನು ಯಾರಿಗಾದರೂ ಹೇಳಿ ಮುಚ್ಚಿಸಿ. ನೀರು ಚೆಲ್ಲಿದರೆ ಸಾಲದು, ತಿಕ್ಕಬೇಕು. ಹುಣಸೆಹಣ್ಣು ಬೇಡ, ಒಂದು ಬ್ರಷ್ಷು ಸಾಕು.